ಭಾನುವಾರದ ಪೋರ್ಟ್, ಎಂಟು ವಾರದ ಅಧ್ಯಕ್ಷಗಿರಿ

ಆಕ್ಸ್‌ಫರ್ಡ್ ಊರಿನಲ್ಲಿ ಭಾನುವಾರ ರಾತ್ರಿ ಊಟ ಮುಗಿಸಿಕೊಂಡ ವಿದ್ಯಾರ್ಥಿಗಳ ಒಂದು ಗುಂಪು ಬಾಡಿಗೆಗೆ ಹಿಡಿದ ಹಜಾರವೊಂದರಲ್ಲಿ ಸೇರುತ್ತದೆ. ಹುಡುಗರು ಕೋಟು, ಟೈಗಳಲ್ಲಿ. ಹುಡುಗಿಯರೂ ಮದುವೆ ಮನೆಗೆ ಹೊರಟವರ ಹಾಗೆ. ಕೈಯಲ್ಲಿ ಪೋರ್ಟ್ ಎಂಬ ಸಿಹಿ ಮದ್ಯದ ಪುಟ್ಟ ಲೋಟ. ಪೋರ್ಚುಗಲ್ಲಿನ ಡೋರೋ ಕಣಿವೆಯ ದ್ರಾಕ್ಷಿಯದು. ಹುದುಗು ಪೂರ್ತಿಯಾಗುವ ಮೊದಲೇ ಬ್ರಾಂದಿ ಸುರಿದು ಹುದುಗುವ ಕ್ರಿಯೆಯನ್ನು ತಡೆದುಬಿಡುವುದರಿಂದ ಸಕ್ಕರೆ ಉಳಿಯುತ್ತದೆ, ಮತ್ತೂ ಏರುತ್ತದೆ. ಒಬ್ಬ ಎದ್ದು ಗೊತ್ತುವಳಿ ಓದುತ್ತಾನೆ. ಪರವಾಗಿ ಒಬ್ಬ, ವಿರುದ್ಧವಾಗಿ ಒಬ್ಬ ಮಾತನಾಡಿದ ಮೇಲೆ ಸಭೆಯಲ್ಲಿ ಯಾರು ಬೇಕಾದರೂ ಏಳಬಹುದು. ಮಾತು ಸಪ್ಪೆಯಾದರೆ ಹಿಂದಿನಿಂದ ‘ಶೇಮ್, ಶೇಮ್’ ಎಂಬ ಕೂಗು. ಚೆನ್ನಾಗಿದ್ದರೆ ಮೇಜು ಕುಟ್ಟುವ ಸದ್ದು. ಲಂಡನ್ನಿನ ಪಾರ್ಲಿಮೆಂಟನ್ನು ಹದಿನೆಂಟು, ಇಪ್ಪತ್ತರ ಮಕ್ಕಳು ಆಡಿ ತೋರಿಸುವ ಆಟ ಇದು. ಹೆಸರು ‘ಪೋರ್ಟ್ ಅಂಡ್ ಪಾಲಿಸಿ’.

ನೋಡಿದವರಿಗೆ ಇದು ಶ್ರೀಮಂತರ ಮಕ್ಕಳ ಹುಡುಗಾಟದಂತೆ ಕಂಡರೆ ತಪ್ಪಿಲ್ಲ. ಬಹುಪಾಲು ಅದು ಹಾಗೆಯೇ ಇದೆ. ಆದರೆ ಈ ಆಟದ ಮೈದಾನದಿಂದ ಎದ್ದುಹೋದವರು ಒಂದು ದೇಶವನ್ನು ಆಳಿದ್ದಾರೆ. ಹಾಗೆ ಆಳಿದವರಲ್ಲಿ ಒಬ್ಬ ಬಡಗಿಯ ಮಗನೂ ಒಬ್ಬ ದಿನಸಿ ಅಂಗಡಿಯವನ ಮಗಳೂ ಇದ್ದರು ಎಂಬುದೇ ಈ ಸಂಘದ ಕಥೆಯ ಸ್ವಾರಸ್ಯ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕನ್ಸರ್ವೆಟಿವ್ ಸಂಘ 1924ರಲ್ಲಿ ಹುಟ್ಟಿತು. ಹುಟ್ಟುಹಾಕಿದವನು ಲಿಯೋ ಏಮರಿ. ಉತ್ತರ ಪ್ರದೇಶದ ಗೋರಖಪುರದಲ್ಲಿ 1873ರಲ್ಲಿ ಹುಟ್ಟಿದ ಈತ 1940ರಿಂದ 1945ರವರೆಗೆ ಇಂಡಿಯಾ ಖಾತೆಯ ಮಂತ್ರಿಯಾಗಿದ್ದ. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಾಲದಲ್ಲಿ ಗಾಂಧೀಜಿ ಜೈಲಿಗೆ ಹೋದದ್ದು, ಬಂಗಾಳದಲ್ಲಿ ಬರಗಾಲ ಬಿದ್ದದ್ದು ಇವನ ಅಧಿಕಾರಾವಧಿಯಲ್ಲೇ. ಸಾಮ್ರಾಜ್ಯದ ಮೇಲೆ ಅಪಾರ ಶ್ರದ್ಧೆಯಿದ್ದ ಮನುಷ್ಯ. ಆ ಶ್ರದ್ಧೆಯನ್ನು ಮುಂದಿನ ತಲೆಮಾರಿಗೆ ದಾಟಿಸಲು ಒಂದು ಸಂಘ ಬೇಕೆನಿಸಿದ್ದು ಸಹಜ.

ಸಂಘದ ದಿನಚರಿ ವಿಶ್ವವಿದ್ಯಾಲಯದ ಗಡಿಯಾರಕ್ಕೆ ಕಟ್ಟಿದ್ದು. ಆಕ್ಸ್‌ಫರ್ಡ್‌ನಲ್ಲಿ ವರ್ಷಕ್ಕೆ ಮೂರು ಅವಧಿ: ಮಿಕೆಲ್ಮಸ್, ಹಿಲರಿ, ಟ್ರಿನಿಟಿ. ಒಂದೊಂದಕ್ಕೆ ಎಂಟು ವಾರ ಪಾಠ. ಪ್ರತಿ ಅವಧಿಗೂ ಸಂಘಕ್ಕೆ ಹೊಸ ಅಧ್ಯಕ್ಷ, ಹೊಸ ಕಾರ್ಯದರ್ಶಿ, ಹೊಸ ಖಜಾಂಚಿ. ಅಂದರೆ ವರ್ಷಕ್ಕೆ ಮೂರು ಚುನಾವಣೆ! ಅಧ್ಯಕ್ಷನ ಕೆಲಸ ಆ ಎಂಟು ವಾರಕ್ಕೆ ಭಾಷಣಕಾರರನ್ನು ಒಪ್ಪಿಸಿ ಕರೆತರುವುದು, ಕಾರ್ಯಕ್ರಮಪಟ್ಟಿ ಅಚ್ಚು ಹಾಕಿಸುವುದು, ಭೋಜನಕೂಟ ಏರ್ಪಡಿಸುವುದು, ಹೊಸಬರನ್ನು ಸದಸ್ಯರನ್ನಾಗಿ ಹಿಡಿಯುವುದು. ಮಂತ್ರಿಯೊಬ್ಬರಿಗೆ ಪತ್ರ ಬರೆದು, ಅವರು ಬಂದಾಗ ರೈಲು ನಿಲ್ದಾಣದಿಂದ ಕರೆತಂದು, ಪಕ್ಕದಲ್ಲಿ ಕೂತು ಊಟ ಮಾಡುವ ಇಪ್ಪತ್ತರ ಹುಡುಗನಿಗೆ ಎಂಟು ವಾರದಲ್ಲಿ ಎಷ್ಟು ಪರಿಚಯಗಳಾಗುತ್ತವೆ ಎಂದು ಊಹಿಸಬಹುದು. ಮತಕ್ಕಾಗಿ ಕಾಲೇಜಿನಿಂದ ಕಾಲೇಜಿಗೆ ಸುತ್ತುತ್ತಾ, ಕಂಡಕಂಡವರ ಕೈ ಕುಲುಕುವವರಿಗೆ ಅಲ್ಲಿನವರು ಇಟ್ಟಿರುವ ಅಡ್ಡಹೆಸರು ‘ಹ್ಯಾಕ್’. ಬಾಡಿಗೆ ಕುದುರೆಗೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರೂ ಅದೇ.

ಅಧ್ಯಕ್ಷನೇ ಎದುರು ನಿಂತಾಗ

ಎಡ್ವರ್ಡ್ ಹೀತ್ 1935ರಲ್ಲಿ ಬೇಲಿಯಲ್ ಕಾಲೇಜಿಗೆ ಬಂದ. ಊರು ಸಮುದ್ರತೀರದ ಬ್ರಾಡ್‌ಸ್ಟೇರ್ಸ್. ತಂದೆ ಬಡಗಿ, ಮುಂದೆ ಮನೆ ಕಟ್ಟಿಸುವ ಸಣ್ಣ ಗುತ್ತಿಗೆದಾರ. ತಾಯಿ ಮದುವೆಗೆ ಮುಂಚೆ ದೊಡ್ಡವರ ಮನೆಯಲ್ಲಿ ಪರಿಚಾರಿಕೆ. ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ ಆರ್ಗನ್ ನುಡಿಸುವ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಓದು ಸಾಗಿತು. 1937ರಲ್ಲಿ ಹುಡುಗ ಕನ್ಸರ್ವೆಟಿವ್ ಸಂಘದ ಅಧ್ಯಕ್ಷನಾದ.

ಅದೇ ವರ್ಷ ಬೇಸಿಗೆ ರಜೆಯಲ್ಲಿ ಜರ್ಮನಿಗೆ ಹೋಗಿ ನ್ಯೂರೆಂಬರ್ಗಿನ ನಾತ್ಸಿ ಮೆರವಣಿಗೆಯನ್ನು ಕಣ್ಣಾರೆ ಕಂಡ. ಹಿಟ್ಲರ್ ತನಗೆ ತಗುಲುವಷ್ಟು ಹತ್ತಿರದಲ್ಲಿ ಹಾದುಹೋದನೆಂದು ಆತ ಮುಂದೆ ನೆನೆದುಕೊಂಡಿದ್ದಾನೆ. ಮರುವರ್ಷ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಸ್ಪೇನಿಗೆ ಹೋಗಿ, ಬಾರ್ಸಿಲೋನಾ ಕಡೆಯ ರಿಪಬ್ಲಿಕನ್ ಪಾಳಯ ನೋಡಿ ಬಂದ. ಬೀದಿಯಲ್ಲಿ ಮೆರೆಯುವ ಸೈನ್ಯಬಲ ಎಂದರೇನು, ಮೇಲಿನಿಂದ ಬಾಂಬು ಬಿದ್ದರೆ ಊರು ಹೇಗಿರುತ್ತದೆ ಎಂಬುದನ್ನು ಪುಸ್ತಕದಿಂದಲ್ಲದೆ ತಿಳಿದುಕೊಂಡ ಹುಡುಗ.

1938ರ ಸೆಪ್ಟೆಂಬರ್ ಕೊನೆಗೆ ಪ್ರಧಾನಿ ಚೇಂಬರ್ಲಿನ್ ಮ್ಯೂನಿಕ್‌ನಲ್ಲಿ ಹಿಟ್ಲರನೊಡನೆ ಒಪ್ಪಂದ ಮಾಡಿಕೊಂಡು ಬಂದರು. ಚೆಕೊಸ್ಲೊವಾಕಿಯಾದ ಒಂದು ತುಂಡನ್ನು ಕೊಟ್ಟು ಶಾಂತಿ ಕೊಂಡುತಂದದ್ದಾಗಿತ್ತು. ಸರಿಯಾಗಿ ಆಗಲೇ ಆಕ್ಸ್‌ಫರ್ಡ್ ಕ್ಷೇತ್ರಕ್ಕೆ ಉಪಚುನಾವಣೆ ಬಿತ್ತು. ಕನ್ಸರ್ವೆಟಿವ್ ಅಭ್ಯರ್ಥಿ ಕ್ವಿಂಟಿನ್ ಹಾಗ್ ಎಂಬ ಮೂವತ್ತೊಂದರ ವಕೀಲ, ಬುದ್ಧಿವಂತ, ದೊಡ್ಡ ಮನೆತನದವನು. ಎದುರಿಗೆ ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಎ. ಡಿ. ಲಿಂಡ್ಸೆ. ಲಿಂಡ್ಸೆ ಲೇಬರ್ ಪಕ್ಷದ ಮನುಷ್ಯ. ಆದರೂ ಲೇಬರ್, ಲಿಬರಲ್ ಅಭ್ಯರ್ಥಿಗಳಿಬ್ಬರೂ ಹಿಂದೆ ಸರಿದು, ಮ್ಯೂನಿಕ್ ಒಪ್ಪಂದವನ್ನು ವಿರೋಧಿಸುವವರೆಲ್ಲರ ಪರವಾಗಿ ಅವರನ್ನು ಸ್ವತಂತ್ರವಾಗಿ ನಿಲ್ಲಿಸಿದ್ದರು.

ಕನ್ಸರ್ವೆಟಿವ್ ಸಂಘದ ಮಾಜಿ ಅಧ್ಯಕ್ಷ ಏನು ಮಾಡಬೇಕು? ಹೀತ್ ಬಹಿರಂಗವಾಗಿ ಲಿಂಡ್ಸೆ ಪರ ಪ್ರಚಾರಕ್ಕೆ ಇಳಿದ. ಕಮ್ಯುನಿಸ್ಟನಾಗಿದ್ದ ಡೆನಿಸ್ ಹೀಲಿ, ಲೇಬರ್ ವಿದ್ಯಾರ್ಥಿ ರಾಯ್ ಜೆಂಕಿನ್ಸ್ ಇವರೆಲ್ಲ ಅದೇ ಪಾಳಯದಲ್ಲಿದ್ದರು. ‘ಹಾಗ್‌ಗೆ ಹಾಕಿದ ಮತ ಹಿಟ್ಲರ್‌ಗೆ ಹಾಕಿದ ಮತ’ ಎಂಬ ಘೋಷಣೆ ಊರೆಲ್ಲ ಮೊಳಗಿತು. ಘೋಷಣೆ ಅನ್ಯಾಯದ್ದೇ ಸರಿ, ಚುನಾವಣೆ ಎಂದರೆ ಎಲ್ಲ ಊರಿನಲ್ಲೂ ಒಂದೇ. ಅಕ್ಟೋಬರ್ 27ರಂದು ಮತ ಎಣಿಸಿದಾಗ ಹಾಗ್‌ಗೆ 15,797, ಲಿಂಡ್ಸೆಗೆ 12,363. ಹುಡುಗರು ಸೋತರು. ತನ್ನ ಪಕ್ಷದಲ್ಲಿ ಭವಿಷ್ಯ ಹುಡುಕಬೇಕಾದ, ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ ಪಕ್ಷದ ಅಭ್ಯರ್ಥಿಯ ವಿರುದ್ಧ ನಿಂತದ್ದು ಸಣ್ಣ ಮಾತಲ್ಲ. ಆದರೆ ಕೆಲವೇ ವಾರಗಳಲ್ಲಿ ವಿದ್ಯಾರ್ಥಿಗಳು ಅವನನ್ನೇ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷನನ್ನಾಗಿ ಆರಿಸಿದರು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ಯೂನಿಯನ್ ಎಂದರೆ ಪಕ್ಷದ ಸಂಘವಲ್ಲ. ಅದು 1823ರಲ್ಲಿ ಹುಟ್ಟಿದ ಚರ್ಚಾಕೂಟ, ಎಲ್ಲ ಬಣ್ಣದವರ ಅಖಾಡ. ಕನ್ಸರ್ವೆಟಿವ್ ಸಂಘದಲ್ಲಿ ಮೆಟ್ಟಿಲು ಹತ್ತಿದವನ ಕಣ್ಣು ಆಮೇಲೆ ಯೂನಿಯನ್ನಿನ ಕುರ್ಚಿಯ ಮೇಲೆ. ಆ ಕುರ್ಚಿಯಲ್ಲಿ ನಮ್ಮವರೂ ಕೂತಿದ್ದಾರೆ. 1934ರಲ್ಲಿ ಮುಂಬಯಿಯ ಡಿ. ಎಫ್. ಕಾರಾಕಾ; 1962-63ರಲ್ಲಿ ಧಾರವಾಡದಿಂದ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಹೋಗಿದ್ದ ಗಿರೀಶ ಕಾರ್ನಾಡ. ‘ಯಯಾತಿ’ ಬರೆದು ಹಡಗು ಹತ್ತಿದ ಗಣಿತದ ಪದವೀಧರ ಅಲ್ಲಿ ಹೋಗಿ ಮಾತಿನಲ್ಲೂ ಗೆದ್ದದ್ದು ಕನ್ನಡಿಗರಿಗೆ ಮರೆಯುವ ಸಂಗತಿಯಲ್ಲ.

ಪ್ರಯೋಗಶಾಲೆಯಿಂದ ಬಂದ ಹುಡುಗಿ

ಮಾರ್ಗರೆಟ್ ರಾಬರ್ಟ್ಸ್ ಆಕ್ಸ್‌ಫರ್ಡಿಗೆ ಬಂದದ್ದು ಯುದ್ಧದ ನಡುವೆ, 1943ರಲ್ಲಿ. ಗ್ರಾಂಥಮ್ ಊರಿನ ದಿನಸಿ ವ್ಯಾಪಾರಿಯ ಮಗಳು. ಮನೆ ಅಂಗಡಿಯ ಮಹಡಿಯ ಮೇಲೆ. ಓದಲು ಆರಿಸಿಕೊಂಡದ್ದು ರಸಾಯನಶಾಸ್ತ್ರ, ಸೇರಿದ್ದು ಹೆಣ್ಣುಮಕ್ಕಳ ಸಮರ್ವಿಲ್ ಕಾಲೇಜು. ಇತಿಹಾಸ, ಕಾನೂನು ಓದುವ ಹುಡುಗರು ಮಧ್ಯಾಹ್ನವೆಲ್ಲ ರಾಜಕೀಯ ಮಾತನಾಡುತ್ತಾ ಅಡ್ಡಾಡಿದರೆ, ವಿಜ್ಞಾನದವರಿಗೆ ಆ ಪುರುಸೊತ್ತು ಎಲ್ಲಿ? ಪ್ರಯೋಗಶಾಲೆಯ ಬೀಕರು, ಬುನ್ಸೆನ್ ದೀಪ ಬಿಟ್ಟು ಏಳುವ ಹೊತ್ತಿಗೆ ಸಂಜೆ. ಆಮೇಲೆ ಸಂಘದ ಸಭೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಬದುಕು ಒಗ್ಗದು ಎನ್ನುವವರು ಈ ಉದಾಹರಣೆಯನ್ನು ನೆನಪಿಡಬೇಕು.

ಯೂನಿಯನ್ನಿನಲ್ಲಿ ಹೆಂಗಸರಿಗೆ ಆಗ ಸದಸ್ಯತ್ವವೇ ಇರಲಿಲ್ಲ. ಪೂರ್ಣ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಹೀಗಾಗಿ ಹೀತ್‌ಗೆ ಒಂದು ಮೆಟ್ಟಿಲಾಗಿದ್ದ ಕನ್ಸರ್ವೆಟಿವ್ ಸಂಘ ಈ ಹುಡುಗಿಯ ಪಾಲಿಗೆ ಮೆಟ್ಟಿಲೂ ಹೌದು, ಮಹಡಿಯೂ ಹೌದು. ಅದರಾಚೆ ಬಾಗಿಲು ಇರಲಿಲ್ಲ. 1945ರ ಸಾರ್ವತ್ರಿಕ ಚುನಾವಣೆಯಲ್ಲಿ ಆಕೆ ಆಕ್ಸ್‌ಫರ್ಡ್ ಬೀದಿಗಳಲ್ಲಿ ಪಕ್ಷದ ಅಭ್ಯರ್ಥಿಗಾಗಿ ಮತ ಕೇಳಿದಳು. ಅಭ್ಯರ್ಥಿ ಯಾರು? ಅದೇ ಕ್ವಿಂಟಿನ್ ಹಾಗ್. ಹಾಗ್ ಗೆದ್ದ, ಪಕ್ಷ ನೆಲ ಕಚ್ಚಿತು. ಯುದ್ಧ ಗೆಲ್ಲಿಸಿಕೊಟ್ಟ ಚರ್ಚಿಲ್‌ರನ್ನು ಮತದಾರರು ಮನೆಗೆ ಕಳಿಸಿದ್ದರು.

ಸೋತ ಪಕ್ಷದ ವಿದ್ಯಾರ್ಥಿ ಸಂಘಕ್ಕೆ 1946ರ ಮಿಕೆಲ್ಮಸ್ ಅವಧಿಯಲ್ಲಿ ಮಾರ್ಗರೆಟ್ ಅಧ್ಯಕ್ಷೆಯಾದಳು. ಯುದ್ಧದಿಂದ ಮರಳಿದ ಸೈನಿಕರು, ಅವಳಿಗಿಂತ ಎಷ್ಟೋ ದೊಡ್ಡವರು, ಸಾವನ್ನು ಕಂಡುಬಂದವರು, ತರಗತಿಗಳಲ್ಲಿ ತುಂಬಿಕೊಂಡಿದ್ದ ಕಾಲ. ಅಂಥವರ ಸಭೆಯನ್ನು ಇಪ್ಪತ್ತೊಂದರ ಹುಡುಗಿ ನಡೆಸಬೇಕಿತ್ತು. ಅದೇ ಅಕ್ಟೋಬರಿನಲ್ಲಿ ಸಂಘದ ಪ್ರತಿನಿಧಿಯಾಗಿ ಬ್ಲ್ಯಾಕ್‌ಪೂಲ್‌ನಲ್ಲಿ ನಡೆದ ಪಕ್ಷದ ಅಧಿವೇಶನಕ್ಕೆ ಹೋದಳು. ತನ್ನಂತೆಯೇ ಯೋಚಿಸುವ ಸಾವಿರಾರು ಜನರನ್ನು ಒಂದೇ ಸೂರಿನಡಿ ಕಂಡದ್ದು ಅಲ್ಲೇ.

ಹಗಲು ಹೊತ್ತಿನ ಕೆಲಸದ ಕಥೆ ಇನ್ನೂ ಸೊಗಸಾದದ್ದು. ಕೊನೆಯ ವರ್ಷದ ಸಂಶೋಧನೆಗೆ ಅವಳ ಮಾರ್ಗದರ್ಶಿ ಡೊರೊತಿ ಹಾಡ್ಜ್‌ಕಿನ್. ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿ, ಅದು ಚದುರಿ ಫಿಲ್ಮಿನ ಮೇಲೆ ಮೂಡಿಸುವ ಚುಕ್ಕೆಗಳನ್ನು ಅಳೆದು, ಆ ಲೆಕ್ಕದಿಂದ ಅಣುವಿನೊಳಗೆ ಪರಮಾಣುಗಳು ಎಲ್ಲೆಲ್ಲಿ ಕೂತಿವೆಯೆಂದು ಕಂಡುಹಿಡಿಯುವ ವಿದ್ಯೆಯಲ್ಲಿ ಆಕೆ ಜಗತ್ತಿಗೇ ಗುರು. ಗೋಡೆಯ ಮೇಲೆ ಬಿದ್ದ ರಂಗೋಲಿಯಂಥ ನೆರಳು ನೋಡಿ, ಎದುರಿಗಿರುವ ಜಾಲರಿಯ ಆಕಾರ ಹೇಳಿದಂತೆ. ಶಿಷ್ಯೆಗೆ ಸಿಕ್ಕ ವಸ್ತು ಗ್ರಾಮಿಸಿಡಿನ್-ಎಸ್ ಎಂಬ ಜೀವಿರೋಧಕ. 1942ರಲ್ಲಿ ರಷ್ಯದ ವಿಜ್ಞಾನಿಗಳು ಕಂಡುಹಿಡಿದದ್ದು; ಆ ‘ಎಸ್’ ಎಂದರೆ ಸೋವಿಯತ್! ಮುಂದೆ ಸೋವಿಯತ್ತರಿಂದಲೇ ‘ಉಕ್ಕಿನ ಮಹಿಳೆ’ ಎನ್ನಿಸಿಕೊಂಡವಳು ಹಗಲೆಲ್ಲ ಸೋವಿಯತ್ ಹೆಸರಿನ ಹರಳನ್ನು ತಿರುಗಿಸುತ್ತಾ, ಸಂಜೆ ಸಮಾಜವಾದದ ವಿರುದ್ಧ ಭಾಷಣ ಏರ್ಪಡಿಸುತ್ತಿದ್ದಳು. ಹರಳು ಮಾತ್ರ ಅವಳಿಗೆ ಪೂರ್ತಿ ಬಗ್ಗಲಿಲ್ಲ. ಅದರ ರಚನೆ ಹೊರಬಿದ್ದದ್ದು 1978ರಲ್ಲಿ.

ಹಾಡ್ಜ್‌ಕಿನ್ ಎಡಪಂಥದ ಒಲವಿನವರು, ಅಣ್ವಸ್ತ್ರ ವಿರೋಧಿ, 1964ರ ನೊಬೆಲ್ ವಿಜೇತೆ. ಶಿಷ್ಯೆಯ ರಾಜಕೀಯ ಅವರಿಗೆ ಎಂದೂ ರುಚಿಸಲಿಲ್ಲ. ಆದರೆ ಶಿಷ್ಯೆ ಪ್ರಧಾನಿಯಾದ ಮೇಲೆ ಡೌನಿಂಗ್ ಸ್ಟ್ರೀಟಿನ ಮನೆಯಲ್ಲಿ ಗುರುವಿನ ಭಾವಚಿತ್ರ ತೂಗುಹಾಕಿದಳು. ಇದೇ ಗುರುವಿನ ತಂಡ 1969ರಲ್ಲಿ ಇನ್ಸುಲಿನ್ ಅಣುವಿನ ರಚನೆ ಬಿಡಿಸಿದಾಗ ಅದರಲ್ಲಿದ್ದ ಎಂ. ವಿಜಯನ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಪ್ರೋಟೀನು ಹರಳುಗಳ ಅಧ್ಯಯನಕ್ಕೆ ಇಲ್ಲಿ ನೆಲೆ ಕಟ್ಟಿದರು. ಒಂದೇ ಗುರುವಿನಿಂದ ಒಂದು ಕವಲು ಡೌನಿಂಗ್ ಸ್ಟ್ರೀಟಿಗೆ, ಇನ್ನೊಂದು ಬೆಂಗಳೂರಿಗೆ.

ಆಕ್ಸ್‌ಫರ್ಡ್ ಮಾತ್ರ ಆ ಶಿಷ್ಯೆಯನ್ನು ಅಷ್ಟು ಸುಲಭವಾಗಿ ಅಪ್ಪಿಕೊಳ್ಳಲಿಲ್ಲ. ಅಲ್ಲಿ ಓದಿದ ಪ್ರಧಾನಿಗಳಿಗೆ ಗೌರವ ಡಾಕ್ಟರೇಟ್ ಕೊಡುವುದು ವಾಡಿಕೆಯಾಗಿತ್ತು. 1985ರ ಜನವರಿಯಲ್ಲಿ ಅಧ್ಯಾಪಕರು ಮತ ಹಾಕಿ, 738ಕ್ಕೆ 319ರಂತೆ ಥ್ಯಾಚರ್‌ಗೆ ಅದನ್ನು ನಿರಾಕರಿಸಿದರು. ಶಿಕ್ಷಣಕ್ಕೂ ಸಂಶೋಧನೆಗೂ ಹಣ ಕತ್ತರಿಸಿದ ಸಿಟ್ಟು.

ಒಂದು ಆಹ್ವಾನ, ಒಂದು ರಾಜೀನಾಮೆ

ಕೇಂಬ್ರಿಜ್‌ನ ಕನ್ಸರ್ವೆಟಿವ್ ಸಂಘ ಆಕ್ಸ್‌ಫರ್ಡಿನದಕ್ಕಿಂತ ಮೂರು ವರ್ಷ ಹಿರಿದು. 1960ರ ಸುಮಾರಿಗೆ ಅಲ್ಲಿ ಒಟ್ಟಿಗೆ ಓದುತ್ತಿದ್ದ ಕೆನೆತ್ ಕ್ಲಾರ್ಕ್, ಮೈಕೆಲ್ ಹೋವರ್ಡ್, ಲಿಯಾನ್ ಬ್ರಿಟನ್, ನಾರ್ಮನ್ ಲಾಮಾಂಟ್ ಮೊದಲಾದವರು ಮುಂದೆ ಒಂದೇ ಮಂತ್ರಿಮಂಡಲದಲ್ಲಿ ಸಾಲಾಗಿ ಕೂತಾಗ ಪತ್ರಿಕೆಗಳು ಅವರಿಗೆ ‘ಕೇಂಬ್ರಿಜ್ ಮಾಫಿಯಾ’ ಎಂದು ಹೆಸರಿಟ್ಟವು. ಆ ಗೆಳೆತನದಲ್ಲಿ ಒಂದು ಬಿರುಕಿನ ಕಥೆಯಿದೆ. ಸಂಘದ ಅಧ್ಯಕ್ಷನಾಗಿದ್ದ ಕ್ಲಾರ್ಕ್, ಬ್ರಿಟನ್ನಿನ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿಯನ್ನು ಭಾಷಣಕ್ಕೆ ಕರೆದ. ಎಲ್ಲರ ಮಾತೂ ಕೇಳಬೇಕು ಎಂಬುದು ಅವನ ವಾದ. ಹೋವರ್ಡ್ ಯೆಹೂದ್ಯ ಮನೆತನದವನು, ತಂದೆ ರುಮೇನಿಯಾದಿಂದ ವಲಸೆ ಬಂದವರು. ಆತ ಪ್ರತಿಭಟಿಸಿ ರಾಜೀನಾಮೆ ಕೊಟ್ಟ. ಆಮೇಲೆ ಅಲ್ಲಿನ ಯೂನಿಯನ್ ಚುನಾವಣೆಯಲ್ಲಿ ಕ್ಲಾರ್ಕ್‌ನನ್ನು ಸೋಲಿಸಿಯೂಬಿಟ್ಟ.

ಮಾತಿನ ಸ್ವಾತಂತ್ರ್ಯ ಎಲ್ಲಿಯವರೆಗೆ, ಅತಿಥಿ ಎಂದರೆ ಯಾರು ಎಂಬ ಪ್ರಶ್ನೆಯನ್ನು ಆ ಹುಡುಗರು ಅಂದು ಬಗೆಹರಿಸಲಿಲ್ಲ. ಇಂದಿನ ವಿಶ್ವವಿದ್ಯಾಲಯಗಳೂ ಬಗೆಹರಿಸಿಲ್ಲ. ಆದರೆ ಮುಚ್ಚಿದ ಬಾಗಿಲ ಹಿಂದೆ ಗೊಣಗುವುದಕ್ಕಿಂತ ಒಬ್ಬ ಕರೆದದ್ದು, ಇನ್ನೊಬ್ಬ ಎದ್ದುಹೋದದ್ದು ಎರಡೂ ಬಯಲಿನಲ್ಲೇ ನಡೆದದ್ದು ಲೇಸು.

ಪಕ್ಷವೇ ಬೀಗ ಹಾಕಿತು

ಎಲ್ಲವೂ ಹೀಗೆ ಮಾತಿನಲ್ಲೇ ಮುಗಿಯಲಿಲ್ಲ. ದೇಶದ ವಿದ್ಯಾರ್ಥಿ ಸಂಘಗಳನ್ನೆಲ್ಲ ಸೇರಿಸಿ ಪಕ್ಷ ಕಟ್ಟಿದ್ದ ‘ಕನ್ಸರ್ವೆಟಿವ್ ವಿದ್ಯಾರ್ಥಿಗಳ ಒಕ್ಕೂಟ’ 1980ರ ದಶಕದಲ್ಲಿ ಥ್ಯಾಚರ್‌ಗಿಂತ ಹೆಚ್ಚು ಥ್ಯಾಚರ್‌ವಾದಿಯಾಗಿಬಿಟ್ಟಿತು. ಸರ್ಕಾರದ ಕೈಯಲ್ಲಿ ಏನೂ ಇರಕೂಡದು ಎನ್ನುವವರ ಕೈ ಮೇಲಾಯಿತು. ಮಾದಕವಸ್ತುಗಳ ಮೇಲಿನ ನಿಷೇಧವನ್ನೂ ತೆಗೆಯಿರಿ ಎಂದವರು ಇದ್ದರು. ನೆಲ್ಸನ್ ಮಂಡೇಲಾರನ್ನು ಗಲ್ಲಿಗೇರಿಸಿ ಎಂಬ ಬರಹ ತೊಟ್ಟು ತಿರುಗಿದವರ ಹೆಸರೂ ಈ ಒಕ್ಕೂಟಕ್ಕೇ ಅಂಟಿತು. ಮಂಡೇಲಾ ಆಗ ಜೈಲಿನಲ್ಲಿದ್ದರು. 1985ರಲ್ಲಿ ಲಫ್‌ಬರೊ ಊರಿನಲ್ಲಿ ನಡೆದ ಸಮ್ಮೇಳನದ ದಾಂಧಲೆ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಮರುವರ್ಷ ಒಕ್ಕೂಟದ ಪತ್ರಿಕೆಯೊಂದು ಹರಾಲ್ಡ್ ಮ್ಯಾಕ್ಮಿಲನ್ ಮೇಲೆ ಯುದ್ಧಾಪರಾಧದ ಆರೋಪ ಹೊರಿಸುವ ಬರಹ ಪ್ರಕಟಿಸಿತು. ಯುದ್ಧದ ಕೊನೆಯಲ್ಲಿ ಶರಣಾದ ಕೊಸಾಕ್ ಸೈನಿಕರನ್ನು ಸ್ಟಾಲಿನ್ನನ ಕೈಗೆ ಒಪ್ಪಿಸಿದ್ದರಲ್ಲಿ ಅವರ ಪಾಲಿದೆ ಎಂಬುದು ಆರೋಪ. ಮ್ಯಾಕ್ಮಿಲನ್ ಪಕ್ಷದ ಮಾಜಿ ಪ್ರಧಾನಿ, ತೊಂಬತ್ತೆರಡರ ಮುದುಕ. ಪಕ್ಷದ ಅಧ್ಯಕ್ಷ ನಾರ್ಮನ್ ಟೆಬಿಟ್ ಒಕ್ಕೂಟವನ್ನೇ ಮುಚ್ಚಿಸಿದರು. ಟೆಬಿಟ್ ಮೃದು ಸ್ವಭಾವದವರೇನಲ್ಲ, ಪಕ್ಷದ ಬಲಪಂಥದ ಗಟ್ಟಿ ಕುಳ. ಅಂಥವರಿಗೇ ಇದು ಅತಿಯೆನಿಸಿತ್ತು.

ಮುಚ್ಚುವ ಹೊತ್ತಿಗೆ ಒಕ್ಕೂಟದ ಕೊನೆಯ ಅಧ್ಯಕ್ಷನಾಗಿದ್ದವನು ಎಸೆಕ್ಸ್ ವಿಶ್ವವಿದ್ಯಾಲಯದ ಜಾನ್ ಬರ್ಕೊ, ಆಗ ಕಡು ಬಲಪಂಥೀಯ. 2009ರಿಂದ 2019ರವರೆಗೆ ಕಾಮನ್ಸ್ ಸಭೆಯಲ್ಲಿ ‘ಆರ್ಡರ್, ಆರ್ಡರ್’ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಸ್ಪೀಕರ್ ಅವರೇ. 2021ರಲ್ಲಿ ಅವರು ಲೇಬರ್ ಪಕ್ಷ ಸೇರಿದರು. ಇಪ್ಪತ್ಮೂರರ ಹುಡುಗ ಆಡಿದ ಮಾತಿಗೆ ಐವತ್ತರ ಗಂಡಸನ್ನು ಕಟ್ಟಿಹಾಕುವುದು ಎಷ್ಟು ಸರಿ ಎಂದು ಮೇಷ್ಟರುಗಳನ್ನು ಕೇಳಬೇಕು. ಬೆಂಚಿನ ಮೇಲೆ ನಿಂತವರು ಮುಂದೆ ಏನೇನಾದರೆಂದು ಅವರಿಗೆ ಗೊತ್ತು.

ಆಕ್ಸ್‌ಫರ್ಡ್ ಸಂಘಕ್ಕೂ ಮುಖ ತಗ್ಗಿಸುವ ದಿನಗಳು ಬಂದಿವೆ. 2009ರಲ್ಲಿ ಚುನಾವಣೆಯ ಅಭ್ಯರ್ಥಿಗಳ ಸಭೆಯೊಂದರಲ್ಲಿ ಜನಾಂಗವನ್ನು ಹೀಯಾಳಿಸುವ ಜೋಕುಗಳು ಹೊರಬಂದು ಗದ್ದಲವಾಗಿ, ವಿಶ್ವವಿದ್ಯಾಲಯ ತನ್ನ ಹೆಸರು ಬಳಸುವ ಹಕ್ಕನ್ನೇ ಸಂಘದಿಂದ ಕಿತ್ತುಕೊಂಡಿತು. ಅದು ಮತ್ತೆ ದಕ್ಕಿದ್ದು ಆಮೇಲೆ. ಹೊಟ್ಟೆಗೆ ಬಿದ್ದ ಪೋರ್ಟ್ ಹಾಗೂ ತಮ್ಮವರೇ ತುಂಬಿರುವ ಕೋಣೆ ಎರಡೂ ಸೇರಿದರೆ ನಾಲಿಗೆಗೆ ಮೂಗುದಾರ ಇರುವುದಿಲ್ಲ.

ಸಂಘದಿಂದ ಬೇರೆ ಬಗೆಯ ಲಾಭವೂ ಉಂಟು. 1976ರಲ್ಲಿ ಕನ್ಸರ್ವೆಟಿವ್ ಸಂಘದ ಒಂದು ನೃತ್ಯಕೂಟದಲ್ಲಿ ಭೂಗೋಳದ ವಿದ್ಯಾರ್ಥಿನಿ ತೆರೇಸಾ ಬ್ರೇಸಿಯರ್‌ಗೆ ಫಿಲಿಪ್ ಮೇ ಎಂಬ ಹುಡುಗನನ್ನು ಪರಿಚಯ ಮಾಡಿಸಿದಾಕೆ ಪಾಕಿಸ್ತಾನದ ಬೆನಜಿರ್ ಭುಟ್ಟೊ. ಪರಿಚಯ ಮಾಡಿಸಿದಾಕೆಯೂ ಪ್ರಧಾನಿಯಾದರು, ಪರಿಚಯವಾದಾಕೆಯೂ ಪ್ರಧಾನಿಯಾದರು. 1981ರಲ್ಲಿ ಸಂಘದ ಅಧ್ಯಕ್ಷನಾಗಿದ್ದ ವಿಲಿಯಂ ಹೇಗ್ 2025ರಿಂದ ವಿಶ್ವವಿದ್ಯಾಲಯದ ಕುಲಾಧಿಪತಿ. ಹಾಗೆಂದು ಇದೊಂದೇ ಏಣಿಯೆಂದು ತಿಳಿಯಬೇಕಿಲ್ಲ. ಡೇವಿಡ್ ಕ್ಯಾಮರಾನ್ ಆಕ್ಸ್‌ಫರ್ಡ್‌ನಲ್ಲಿ ಓದಿದರೂ ವಿದ್ಯಾರ್ಥಿ ರಾಜಕೀಯದತ್ತ ತಲೆ ಹಾಕಲಿಲ್ಲ. ಲಿಜ್ ಟ್ರಸ್ ಅಲ್ಲಿದ್ದಾಗ ಎದುರು ಪಕ್ಷವಾದ ಲಿಬರಲ್ ಡೆಮೊಕ್ರಾಟರ ಸಂಘದ ಅಧ್ಯಕ್ಷೆ!

ಇನ್ನು ಆ ಹಳೆಯ ಮೂವರು. ಹೀತ್ 1970ರಲ್ಲಿ ಪ್ರಧಾನಿಯಾದರು. ಅವರ ಮಂತ್ರಿಮಂಡಲದಲ್ಲಿ ಮಾರ್ಗರೆಟ್ ಥ್ಯಾಚರ್ ಶಿಕ್ಷಣ ಮಂತ್ರಿ. 1975ರ ಫೆಬ್ರವರಿಯಲ್ಲಿ ಪಕ್ಷದ ನಾಯಕತ್ವಕ್ಕೆ ಸ್ಪರ್ಧೆ ನಡೆದಾಗ ಸಂಘದ ಹಳೆಯ ಅಧ್ಯಕ್ಷೆ ಸಂಘದ ಹಳೆಯ ಅಧ್ಯಕ್ಷನನ್ನು ಮೊದಲ ಸುತ್ತಿನಲ್ಲೇ 130ಕ್ಕೆ 119ರಂತೆ ಹಿಂದೆ ಹಾಕಿದರು. ಹೀತ್ ಅದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಮತ್ತೆ ಕ್ವಿಂಟಿನ್ ಹಾಗ್? ಮ್ಯೂನಿಕ್ಕಿನ ಹೆಸರಲ್ಲಿ ಗೆದ್ದುಬಂದ ಆತ 1940ರ ಮೇ ತಿಂಗಳಲ್ಲಿ ಚೇಂಬರ್ಲಿನ್ನರ ವಿರುದ್ಧವೇ ಮತ ಹಾಕಿದ. ಸಂಘ ಸ್ಥಾಪಿಸಿದ ಏಮರಿ ತನ್ನದೇ ಪಕ್ಷದ ಪ್ರಧಾನಿಗೆ ತೊಲಗು ಎಂದು ಗುಡುಗಿದ್ದೂ ಅದೇ ಚರ್ಚೆಯಲ್ಲಿ. ತಂದೆಯ ಹೇಲ್‌ಶಮ್ ಪದವಿ ಬಂದು, ಅದನ್ನು ಬಿಟ್ಟು, ಮತ್ತೆ ಅದೇ ಹೆಸರಿನಲ್ಲಿ ಪ್ರಭುಗಳ ಸಭೆ ಸೇರಿದ ಹಾಗ್‌ನನ್ನು ಹೀತ್ 1970ರಲ್ಲಿ ಲಾರ್ಡ್ ಚಾನ್ಸಲರ್ ಮಾಡಿದರು. ಬ್ರಿಟನ್ನಿನ ನ್ಯಾಯಾಂಗಕ್ಕೆ ಆಗ ಅದೇ ಹಿರಿಯ ಹುದ್ದೆ. ಮುವ್ವತ್ತೆರಡು ವರ್ಷದ ಹಿಂದೆ ತನ್ನ ವಿರುದ್ಧ ಮನೆಮನೆ ಸುತ್ತಿದ ಹುಡುಗ ಕೊಟ್ಟ ಹುದ್ದೆ ಅದು. 1979ರಲ್ಲಿ ಥ್ಯಾಚರ್ ಪ್ರಧಾನಿಯಾದಾಗ, 1945ರಲ್ಲಿ ಅವರು ಯಾರಿಗಾಗಿ ಮತ ಕೇಳಿದ್ದರೋ ಆ ಮುದುಕನಿಗೆ ಅದೇ ಕುರ್ಚಿ ಎರಡನೆಯ ಸಲ ಸಿಕ್ಕಿತು. ಅದರಲ್ಲಿ ಆತ ಇನ್ನೂ ಎಂಟು ವರ್ಷ ಕೂತಿದ್ದ.